ಗೆರೆ ನಿಲ್ಲುವ ಜಾಗ

ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆ, ಫೆಬ್ರವರಿಯ ಭಾನುವಾರ ಬೆಳಿಗ್ಗೆ. ಪಾರ್ಕಿನ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬರು ನಿವೃತ್ತರಾದ ಡ್ರಾಯಿಂಗ್ ಮಿಸ್. ಇನ್ನೊಬ್ಬ ಸ್ಕೂಲಿನಲ್ಲಿ ಅವರ ಹತ್ತಿರ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕಲಿತು, ಈಗ ಆರ್ಕಿಟೆಕ್ಟ್ ಆಗಿರುವ ಶಿಷ್ಯ. ರಸ್ತೆಯಾಚೆ ಪೂರ್ವಕ್ಕೆ ಮುಖ ಮಾಡಿದ ಹಳೆಯ ಮನೆ. ಅದನ್ನು ಪೆನ್ನಿನಲ್ಲಿ ಬಿಡಿಸಿ ಆಗಿದೆ, ಬಣ್ಣದ ಡಬ್ಬಿ ಇನ್ನೂ ತೆರೆದಿಲ್ಲ.

ಮಿಸ್: ಆಯ್ತೇನೋ?

ಶಿಷ್ಯ: ಗೆರೆ ಆಯ್ತು ಮಿಸ್. ಬಣ್ಣ ತುಂಬೋದು ಬಾಕಿ.

ಮಿಸ್: ಎಲ್ಲಿ ತುಂಬ್ತೀಯ? ಸಜ್ಜಾ ಕೆಳಗಿನ ನೆರಳನ್ನ ಆಗಲೇ ಅಡ್ಡಗೆರೆ ಎಳೆದು ತುಂಬಿಸಿದೀಯ. ಕಾಂಪೌಂಡಿನ ಸೈಜುಗಲ್ಲುಗಳನ್ನ ಒಂದೂ ಬಿಡದೆ ಕೂಡಿಸಿದೀಯ. ತೆಂಗಿನ ಗರಿಯ ಎಳೆ ಎಳೆಯೂ ಬಂದಿದೆ. ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣಕ್ಕೆ ಉಳಿದಿರೋ ಕೆಲಸ ಯಾವುದು, ಅದನ್ನ ಹೇಳು.

ಶಿಷ್ಯ: ಗೋಡೆ ಹಳದಿ, ಗೇಟು ಹಸಿರು, ಆಕಾಶ ನೀಲಿ. ಅಷ್ಟು ಹೇಳಿದ್ರೆ ಸಾಕಲ್ವಾ?

ಮಿಸ್: ಸಾಲದು. ಅದು ಮಕ್ಕಳ ಕಲರಿಂಗ್ ಪುಸ್ತಕದ ಲೆಕ್ಕ. ಗೆರೆ ಮೊದಲೇ ಎಲ್ಲಾ ತೀರ್ಮಾನ ಮಾಡಿರತ್ತೆ, ಬಣ್ಣ ಬಂದು ಹೂಂ ಅನ್ನತ್ತೆ. ಗೆರೆ, ನೀರು ಎರಡನ್ನೂ ಒಂದೇ ಹಾಳೆ ಮೇಲೆ ತರೋದು ಯಾಕೆ? ಒಂದರ ಕೈಲಿ ಆಗದ್ದನ್ನ ಇನ್ನೊಂದು ಹೇಳಲಿ ಅಂತ. ಎರಡೂ ಒಂದೇ ಮಾತನ್ನ ಹೇಳೋದಾದರೆ ಒಂದು ದಂಡ.

ಶಿಷ್ಯ: ಮಿಸ್, ನಾನು ಯಾಕೆ ಇಷ್ಟು ಗೆರೆ ಹಾಕ್ತೀನಿ ಅಂತ ಹೇಳಿಬಿಡ್ತೀನಿ. ಈ ಸಾಲು ನೋಡಿ. ಎಡಕ್ಕಿರೋದು, ಅದರ ಪಕ್ಕದ್ದು, ಎರಡೂ ಈಗ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು. ಅಲ್ಲೂ ಇಂಥದ್ದೇ ಮನೆಗಳಿದ್ವು. ಮುಂದೆ ಗ್ರಿಲ್ ಹಾಕಿದ ವರಾಂಡ, ಸಿಮೆಂಟ್ ಜಾಲಿ, ಮೊಸಾಯಿಕ್ ಮೆಟ್ಟಿಲು, ಮೂಲೆಯಲ್ಲಿ ತುಳಸಿಕಟ್ಟೆ. ಲಾಲ್‌ಬಾಗಿನ ಗಾಜಿನ ಮನೆಯನ್ನ ಎಲ್ಲರೂ ಬಿಡಿಸ್ತಾರೆ, ಅದು ಎಲ್ಲೂ ಹೋಗಲ್ಲ. ಈ ಮೂವತ್ತು-ನಲವತ್ತು ಸೈಟಿನ ಮನೆ ಮುಂದಿನ ವರ್ಷ ಇರತ್ತೆ ಅಂತ ಯಾರು ಹೇಳ್ತಾರೆ? ಅದಕ್ಕೇ ಒಂದನ್ನೂ ಬಿಡಬಾರದು ಅನ್ಸತ್ತೆ. ಗೆರೆ ಅಂದ್ರೆ ದಾಖಲೆ. ಬಣ್ಣ ಅಂದ್ರೆ ಅಂದ.

ಮಿಸ್: ಮೊದಲರ್ಧ ಒಪ್ಪಿದೆ. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು, 1976ರಲ್ಲಿ ಆ ಕೆಲಸ ಬಿಡಿಎ ಕೈಗೆ ಹೋಯ್ತು. ಈ ಕಡೆಯ ಬೆಂಗಳೂರು ಹುಟ್ಟಿದ್ದೇ ಹಾಗೆ, ಸೈಟು ಸೈಟಾಗಿ. ಗುಮಾಸ್ತರು, ಮೇಷ್ಟ್ರುಗಳು, ಫ್ಯಾಕ್ಟರಿ ನೌಕರರು ಸಾಲ ಮಾಡಿ ಕಟ್ಟಿದ ಮನೆಗಳು. ಅರಮನೆಗೆ ಚಿತ್ರಕಾರರು ಸಿಗ್ತಾರೆ, ಇವಕ್ಕೆ ಯಾರೂ ಇಲ್ಲ. ನೀನು ಇಲ್ಲಿ ಬಂದು ಕೂತಿದ್ದು ನನಗೆ ನಿಜಕ್ಕೂ ಸಂತೋಷ. ಆದರೆ ಬಣ್ಣ ಬರೀ ಅಂದ ಅನ್ನೋದನ್ನ ಮಾತ್ರ ಒಪ್ಪಲ್ಲ.

ಶಿಷ್ಯ: ಒಂದು ಉದಾಹರಣೆ ಕೊಡ್ಲಾ? 1791ರಲ್ಲಿ ಕಾರ್ನ್‌ವಾಲಿಸ್‌ನ ದಂಡು ಬೆಂಗಳೂರಿನ ಕೋಟೆ ಹಿಡೀತು. ಆ ಯುದ್ಧದ ಕಾಲಕ್ಕೆ ಬಂದವರಲ್ಲಿ ಇಬ್ಬರು ಚಿತ್ರ ಬಿಡಿಸೋರು. ಜೇಮ್ಸ್ ಹಂಟರ್ ಅಂತ ಫಿರಂಗಿ ದಳದ ಲೆಫ್ಟಿನೆಂಟು, ರಾಬರ್ಟ್ ಹೋಮ್ ಅಂತ ಕಲಾವಿದ. ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ, ಪೇಟೆಯ ಬಾಗಿಲು ಎಲ್ಲಾ ಬಿಡಿಸಿದ್ರು. ಅರಮನೆಯ ಮರದ ಕಂಬಗಳು, ಅದರ ಮೇಲಿನ ಕಮಾನು ಆಗ ಹೇಗಿದ್ವು ಅಂತ ಇವತ್ತು ಆ ಚಿತ್ರಗಳಲ್ಲಿ ನೋಡಬಹುದು. ಇನ್ನೂರು ವರ್ಷ ಆದಮೇಲೂ ನಮಗೆ ಕೆಲಸಕ್ಕೆ ಬರ್ತಾ ಇರೋದು ಆ ಗೆರೆಗಳೇ.

ಮಿಸ್: ಹಂಟರ್‌ನ ಚಿತ್ರಗಳ ಪುಸ್ತಕ ಯಾವಾಗ ಬಂತು?

ಶಿಷ್ಯ: ಲಂಡನ್ನಿನಲ್ಲಿ, 1805.

ಮಿಸ್: ಅವನು ತೀರಿಕೊಂಡಿದ್ದು 1792ರಲ್ಲಿ. ಅಂದ್ರೆ ಸ್ಥಳದಲ್ಲಿ ಕೂತು ಬಿಡಿಸಿದ್ದು ಅವನು. ಅದನ್ನ ತಾಮ್ರದ ತಗಡಿಗೆ ಇಳಿಸಿದ್ದು, ಅಕ್ವಾಟಿಂಟ್ ಮಾಡಿ ಅಚ್ಚು ಹಾಕಿದ್ದು, ಬಣ್ಣ ಕೊಟ್ಟಿದ್ದು ಬೇರೆಯವರು, ಅದೂ ಇಲ್ಲಿಂದ ಸಾವಿರಾರು ಮೈಲಿ ಆಚೆ. ಆ ಪ್ರಿಂಟುಗಳ ಕಂಬ ಬೆಂಗಳೂರಿನದು. ಆಕಾಶ ಯಾವ ಊರಿಂದು? ನಮ್ಮ ಮಾರ್ಚ್ ತಿಂಗಳ ಬಿಸಿಲು ಆ ಗಾರೆ ಗೋಡೆ ಮೇಲೆ ಹೇಗೆ ಬಿದ್ದಿತ್ತು ಅಂತ ಅದರಿಂದ ತಿಳಿಯಲ್ಲ. ಬಣ್ಣವೂ ಅಲ್ಲೇ ಕೂತು ಹಾಕಿದ್ದರೆ ಅದೂ ದಾಖಲೆಯೇ ಆಗ್ತಿತ್ತು. ಗೆರೆಯನ್ನ ಒಂದು ಕಡೆ, ಬಣ್ಣವನ್ನ ಇನ್ನೊಂದು ಕಡೆ ಮಾಡಿದಾಗ ಕಳೆದುಹೋಗೋದು ಇದೇ. ನೀನೂ ಗೆರೆ ಇಲ್ಲಿ ಹಾಕಿ, ಬಣ್ಣ ಮನೆಗೆ ಹೋಗಿ ಫೋಟೋ ನೋಡಿ ಹಾಕ್ತೀಯ ತಾನೆ?

ಶಿಷ್ಯ: ಸಾಮಾನ್ಯವಾಗಿ ಹಾಗೇ. ನೀರು, ಬ್ರಶ್ಶು ಎಲ್ಲಾ ಹೊತ್ತು ತರೋದು ಕಷ್ಟ ಅಂತ.

ಮಿಸ್: ಫೋಟೋದಲ್ಲಿ ನೆರಳು ಕಪ್ಪಾಗಿ ಕೂತಿರತ್ತೆ. ಎದ್ದು ಆ ಗೇಟಿನ ಹತ್ತಿರ ಹೋಗಿ ಸಜ್ಜಾ ಕೆಳಗೆ ನೋಡು. ಅಲ್ಲಿ ಕಪ್ಪು ಇಲ್ಲ. ಅಂಗಳದ ಕೆಂಪು ನೆಲಕ್ಕೆ ಬಿಸಿಲು ಬಡಿದು ವಾಪಸ್ ಮೇಲಕ್ಕೆ ಹೋಗ್ತಾ ಇದೆ. ಸಜ್ಜಾದ ಹೊಟ್ಟೆ ಬೆಚ್ಚಗೆ, ಕಿತ್ತಳೆ ಛಾಯೆಯಲ್ಲಿದೆ. ಗೋಡೆಯ ಮೇಲಿನ ನೆರಳು ಮಾತ್ರ ನೀಲಿ, ಅದಕ್ಕೆ ಬೆಳಕು ಆಕಾಶದಿಂದ ಬರ್ತಾ ಇದೆ. ಒಂದೇ ಕಿಟಕಿ, ಎರಡು ನೆರಳು. ನಿನ್ನ ಅಡ್ಡಗೆರೆ ಎರಡನ್ನೂ ಒಂದೇ ಮಾಡಿಬಿಡ್ತು.

ಶಿಷ್ಯ: ಹೌದು. ಈಗ ಕಾಣ್ತಿದೆ.

ಮಿಸ್: ಇನ್ನೊಂದು ತುದಿಗೆ ರುಮಾಲೆ ಚೆನ್ನಬಸವಯ್ಯನವರನ್ನ ತಗೋ. 1910ರಲ್ಲಿ ಹುಟ್ಟಿದೋರು. ಸ್ವಾತಂತ್ರ್ಯ ಹೋರಾಟ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ರಾಜಕೀಯ ಎಲ್ಲಾ ಕಂಡು, ಕೊನೆಗೆ ಬಣ್ಣದ ಪೆಟ್ಟಿಗೆ ಹಿಡಿದು ಬೀದಿಬೀದಿಯಲ್ಲಿ ಕೂತರು. ಗುಲ್‌ಮೊಹರ್, ಜಕರಂದ ಹೂ ಬಿಟ್ಟ ಕಾಲಕ್ಕೆ ಆ ಮರದ ಎದುರಿಗೇ ಹೋಗಿ ಬಿಡಿಸಿದೋರು. ರಾಜಾಜಿನಗರದ ರುಮಾಲೆ ಆರ್ಟ್ ಹೌಸಿನಲ್ಲಿ ಅವರ ಕೆಲಸ ಇದೆ, ನೀನು ಹೋಗಲೇಬೇಕು. ಅಲ್ಲಿ ಬಣ್ಣವೇ ಮುಂದೆ. ಕಟ್ಟಡ, ರಸ್ತೆ, ಕೆರೆ ಏರಿ ಎಲ್ಲಾ ಮರದ ಸಂದಿಯಿಂದ ಇಣುಕತ್ತೆ.

ಶಿಷ್ಯ: ಆದರೆ ಅದರಿಂದ ಕಟ್ಟಡದ ಅಳತೆ ಸಿಗಲ್ಲ ಮಿಸ್. ಎಷ್ಟು ಕಿಟಕಿ, ಪ್ಯಾರಾಪೆಟ್ ಎಷ್ಟು ಎತ್ತರ, ಒಂದೂ ತಿಳಿಯಲ್ಲ.

ಮಿಸ್: ಸಿಗಲ್ಲ, ನಿಜ. ಆ ಬೀದಿಯಲ್ಲಿ ನಡೆದರೆ ತಲೆ ಮೇಲೆ ಏನಿರ್ತಿತ್ತು ಅನ್ನೋದು ಸಿಗತ್ತೆ. ನೀವು ಆರ್ಕಿಟೆಕ್ಟುಗಳು ಮರವನ್ನ ಪ್ಲಾನಿನಲ್ಲಿ ಒಂದು ಸುತ್ತು ಹಾಕಿ ಬಿಡ್ತೀರಿ. ಈ ಮನೆಯ ಮುಂದಿನ ಹೊಂಗೆ ಮರ ಇಲ್ಲದಿದ್ದರೆ ಆ ವರಾಂಡದಲ್ಲಿ ಏಪ್ರಿಲ್‌ನಲ್ಲಿ ಯಾರಾದರೂ ಕೂರೋಕಾಗ್ತಿತ್ತಾ? ಮರದ ನೆರಳೂ ಮನೆಯ ಒಂದು ಭಾಗ. ಹಂಟರ್‌ನ ಗೆರೆ, ರುಮಾಲೆಯವರ ನೆರಳು ಎರಡೂ ಒಂದೇ ಹಾಳೆಗೆ ಬಂದರೆ ಹೇಗಿರತ್ತೆ? ನನ್ನ ಆಸೆ ಅದು.

ಶಿಷ್ಯ: ನೆರಳಿನ ವಿಷಯ ಬಂತಲ್ಲ, ನಮ್ಮ ಓದಿನ ಕಡೆಯಿಂದ ಒಂದು ಹೇಳ್ತೀನಿ. ಬೆಂಗಳೂರು ಇರೋದು ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ 24ರ ಸುಮಾರಿಗೆ ಒಂದು ಸಲ, ಆಗಸ್ಟ್ 18ರ ಸುಮಾರಿಗೆ ಇನ್ನೊಂದು ಸಲ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳಲ್ಲ. ಈ ಎರಡು ದಿನಗಳ ಮಧ್ಯೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರ್ತಾನೆ. ಅಂದರೆ ಉತ್ತರದ ಬಾಗಿಲಿನ ಮನೆಯ ಮುಖಕ್ಕೆ ಮಧ್ಯಾಹ್ನದ ಬಿಸಿಲು ಬೀಳೋದು ಆ ನಾಲ್ಕು ತಿಂಗಳು ಮಾತ್ರ. ಡಿಸೆಂಬರಿನಲ್ಲಿ ಆ ಮುಖ ದಿನವೆಲ್ಲಾ ನೆರಳು.

ಮಿಸ್: ನೋಡು, ಇಷ್ಟು ತಿಳಿದೋನು ಬಣ್ಣ ಅಂದ್ರೆ ಅಂದ ಅಂತೀಯಲ್ಲ! ಉತ್ತರದ ಬಾಗಿಲಿನ ಮನೆಯ ಗೋಡೆ ಮೇಲೆ ನೀನೊಂದು ಬಿಸಿಲ ಪಟ್ಟಿ ಹಾಕಿದರೆ, ಅದು ಮೇ, ಜೂನ್ ಅಂತ ಓದಬಲ್ಲವನು ಓದ್ತಾನೆ. ಯಾವ ಗೆರೆಗೆ ಆ ಶಕ್ತಿ ಇದೆ? ಈ ಮನೆ ಪೂರ್ವಕ್ಕಿದೆ. ಸಜ್ಜಾ ಎರಡಡಿ ಚಾಚಿದೆ ಅಂತಿಟ್ಕೋ. ನಾವು ಬಂದಾಗ ಒಂಬತ್ತಕ್ಕೆ ಅದರ ನೆರಳು ಕಿಟಕಿಯ ಮೇಲ್ಗಡೆ ಒಂದಡಿ ಚಿಲ್ಲರೆ ಇತ್ತು. ಹನ್ನೊಂದಕ್ಕೆಲ್ಲ ಕಿಟಕಿ ಪೂರ್ತಿ ಮುಚ್ಚತ್ತೆ. ಹನ್ನೆರಡೂವರೆ ದಾಟಿದರೆ ಮುಖವೆಲ್ಲಾ ನೆರಳು. ನೀನು ಕೊಡಬೇಕಾದ ಲೆಕ್ಕ ಇದು. ಗೆರೆ ಮನೆಯ ಅಳತೆ ಹೇಳಲಿ, ನೀರು ಹೊತ್ತು ಹೇಳಲಿ, ದಿಕ್ಕು ಹೇಳಲಿ, ಗೋಡೆಗೆ ಎಷ್ಟು ವಯಸ್ಸಾಯ್ತು ಹೇಳಲಿ.

ಶಿಷ್ಯ: ವಯಸ್ಸು ಹೇಗೆ?

ಮಿಸ್: ಪ್ಯಾರಾಪೆಟ್ ಕೆಳಗೆ ಕಪ್ಪಗೆ ಇಳಿದಿದೆಯಲ್ಲ, ಪಾಚಿ. ಮಳೆನೀರು ತಾರಸಿಯಿಂದ ಯಾವ ಜಾಗದಲ್ಲಿ ತುಂಬಿ ಹರೀತು ಅಂತ ಆ ಕರೆ ತೋರಿಸತ್ತೆ. ಅದಕ್ಕೆ ಅಂಚಿಲ್ಲ, ಗೆರೆ ಎಳೆದರೆ ಬಿರುಕಿನ ಹಾಗೆ ಕಾಣತ್ತೆ. ಹಾಳೆ ಒದ್ದೆ ಇರುವಾಗಲೇ ಒಂದು ತೊಟ್ಟು ಗಾಢ ಬಣ್ಣ ಮೇಲೆ ಇಟ್ಟು, ಪ್ಯಾಡನ್ನ ಸ್ವಲ್ಪ ಓರೆ ಮಾಡು. ತಾನಾಗಿ ಇಳಿಯತ್ತೆ. ಗೋಡೆ ಮೇಲೆ ನೀರು ಮಾಡಿದ್ದನ್ನೇ ಹಾಳೆ ಮೇಲೂ ನೀರು ಮಾಡತ್ತೆ. ನನಗೆ ಜಲವರ್ಣ ಕಟ್ಟಡಕ್ಕೆ ಹೇಳಿಮಾಡಿಸಿದ್ದು ಅನ್ನಿಸೋದು ಇಂಥ ಕಡೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಬೆರೆಸಿ ಬೂದು ಮಾಡು, ಡಬ್ಬಿಯ ಕಪ್ಪನ್ನ ಮುಟ್ಟಬೇಡ. ಅಲ್ಟ್ರಾಮರೀನಿನ ಕಣ ದಪ್ಪ. ಒರಟು ಹಾಳೆಯ ತಗ್ಗುಗಳಲ್ಲಿ ಹೋಗಿ ಕೂರತ್ತೆ, ಒಣಗಿದಮೇಲೆ ತರಿತರಿ ಕಾಣತ್ತೆ. ಹಳೇ ಸಿಮೆಂಟ್ ಗಾರೆ ಅಲ್ಲೇ ಬಂತು, ಒಂದು ಚುಕ್ಕಿಯನ್ನೂ ನೀನು ಇಡಬೇಕಾಗಿಲ್ಲ. ನೀಲಿ ಹೆಚ್ಚಾದರೆ ಮೆಟ್ರೋ ಕಂಬದ ಕಾಂಕ್ರೀಟು, ಕಂದು ಹೆಚ್ಚಾದರೆ ಸೈಜುಗಲ್ಲು.

ಶಿಷ್ಯ: ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಕೂತರೆ ವಾಶ್ ಗೋಡೆಯ ಆ ತುದಿ ಮುಟ್ಟೋಷ್ಟರಲ್ಲಿ ಈ ತುದಿ ಒಣಗಿರತ್ತೆ. ನಡುವೆ ಪಟ್ಟಿ ಪಟ್ಟಿ.

ಮಿಸ್: ಹಾಳೆ ತೆಳುವಾಗಿದ್ದರೆ ಹಾಗೇ. 300 ಜಿಎಸ್ಎಂ ಹತ್ತಿ ಹಾಳೆ ತಗೋ, ನೀರು ಹಿಡಿದಿಟ್ಟುಕೊಳ್ಳತ್ತೆ. ದೊಡ್ಡ ಬ್ರಶ್ಶು, ತುಂಬಾ ನೀರು, ನೆರಳಲ್ಲಿ ಕೂರೋ ಜಾಗ. ಜುಲೈ, ಆಗಸ್ಟಿನಲ್ಲಿ ಇದರ ಉಲ್ಟಾ, ಒಂದು ವಾಶ್ ಒಣಗೋಕೆ ಅರ್ಧ ಗಂಟೆ ಕಾಯಬೇಕು. ಆಗ ಪೆನ್ನು ಕೈಗೆ ತಗೋಬೇಡ, ಒದ್ದೆ ಹಾಳೆಯಲ್ಲಿ ಇಂಕು ಒಡೆಯತ್ತೆ. ಇಂಕು ಯಾವುದು ನಿಂದು?

ಶಿಷ್ಯ: ವಾಟರ್‌ಪ್ರೂಫ್. ಮೇಲೆ ನೀರು ಹರಿಸಿದ್ರೂ ಕದಲಲ್ಲ.

ಮಿಸ್: ಒಳ್ಳೇದು. ಒಂದು ದಿನ ಮಾಮೂಲಿ ಫೌಂಟೇನ್ ಪೆನ್ನಿನ ಇಂಕಿನಲ್ಲೂ ಬಿಡಿಸಿ ನೋಡು. ಒದ್ದೆ ಬ್ರಶ್ ಎಳೆದರೆ ಗೆರೆಯೇ ಕರಗಿ ನೆರಳಾಗತ್ತೆ. ಎಲ್ಲಿ ಕರಗಿಸಬೇಕು, ಎಲ್ಲಿ ಉಳಿಸಬೇಕು ಅಂತ ಅದೇ ಕಲಿಸತ್ತೆ. ಬಿಳಿ ಗೋಡೆ ಸಿಕ್ಕರೆ ಬಣ್ಣವನ್ನೇ ಹಾಕಬೇಡ, ಹಾಳೆಯ ಬಿಳುಪೇ ಸುಣ್ಣ. ಅದರ ಹಿಂದಿನ ಮರ ಗಾಢವಾಗಿ ಹಾಕು. ಗೋಡೆಯ ಅಂಚು ಅಲ್ಲಿ ಮೂಡತ್ತೆ, ಗೆರೆ ಇಲ್ಲದೆ.

ಶಿಷ್ಯ: ಮಿಸ್, ಗೆರೆಯನ್ನ ನೀವು ಬರಬರ್ತಾ ಓಡಿಸೇಬಿಡ್ತಿದೀರಿ. ಗೆರೆ ಇಲ್ಲದೆ ಈ ರಸ್ತೆ ನಿಲ್ಲಲ್ಲ. ಇಲ್ಲಿ ಏರು, ಅಲ್ಲಿ ಇಳಿಜಾರು, ಕತ್ರಿಗುಪ್ಪೆ ಕಡೆ ಹೋದರಂತೂ ಏರಿಳಿತವೇ. ಕಣ್ಣಿನ ಮಟ್ಟದಲ್ಲಿ ಒಂದೇ ವ್ಯಾನಿಶಿಂಗ್ ಪಾಯಿಂಟ್ ಇಟ್ಟು ರಸ್ತೆಯನ್ನೂ ಮನೆಗಳನ್ನೂ ಅಲ್ಲಿಗೇ ಎಳೆದರೆ ಏರು ರಸ್ತೆ ಸಪಾಟಾಗಿ ಮಲಗಿಬಿಡತ್ತೆ. ಮನೆಗಳ ಸಜ್ಜಾ, ಕಿಟಕಿಯ ಅಡ್ಡಪಟ್ಟಿಗಳು ಕಣ್ಣಿನ ಮಟ್ಟಕ್ಕೇ ಓಡ್ತಾವೆ, ಯಾಕೆಂದರೆ ಅವು ಸಮತಟ್ಟಾಗಿವೆ. ರಸ್ತೆಯ ಎರಡು ಅಂಚು ಮಾತ್ರ ಅದಕ್ಕಿಂತ ಮೇಲೆ ಎಲ್ಲೋ ಸೇರ್ತಾವೆ. ಇಳಿಜಾರಾದರೆ ಕೆಳಗೆ. ಈ ಎರಡು ಬಿಂದು ಬೇರೆ ಮಾಡದೆ ಎಷ್ಟು ಒಳ್ಳೇ ವಾಶ್ ಹಾಕಿದ್ರೂ ಅದು ಬನಶಂಕರಿ ಆಗಲ್ಲ.

ಮಿಸ್: ಅದು ಪೂರ್ತಿ ಸರಿ. ಮನೆಯ ಪಾಯ ಒಂದು ಕಡೆ ಮೂರು ಮೆಟ್ಟಿಲು, ಇನ್ನೊಂದು ಕಡೆ ಒಂದೇ ಮೆಟ್ಟಿಲು ಯಾಕೆ ಅಂತ ಆ ಗೆರೆ ಮಾತ್ರ ಹೇಳಬಲ್ಲದು. ನಾನು ಗೆರೆಗೆ ವಿರೋಧಿ ಅಲ್ಲ ಕಣೋ. ಹಾಕು, ಬೇಕಾದ ಕಡೆ ಹಾಕು. ಬಿಸಿಲು ಬಿದ್ದ ಕಡೆ, ಎರಡು ತಿಳಿ ಬಣ್ಣ ಒಂದರ ಪಕ್ಕ ಒಂದು ಬಂದು ಅಂಚು ಕಾಣದ ಕಡೆ, ಅಲ್ಲಿ ಗೆರೆ ಬೇಕೇಬೇಕು. ತಿಳಿ ಬಣ್ಣಕ್ಕೆ ಗಾಢ ಬಣ್ಣ ತಾಗಿದ ಕಡೆ ಅಂಚು ತಾನಾಗಿ ಇದೆ, ಅಲ್ಲಿ ಪೆನ್ನು ನಿಲ್ಲಿಸು. ಪಾಲ್ ಫರ್ನಾಂಡಿಸ್ ಅವರ ಬೆಂಗಳೂರಿನ ಚಿತ್ರಗಳನ್ನ ನೋಡಿದೀಯಲ್ಲ, ಅರವತ್ತು-ಎಪ್ಪತ್ತರ ದಶಕದ ಊರು?

ಶಿಷ್ಯ: ನೋಡಿದೀನಿ. ಅಲ್ಲಿ ಗೆರೆ ನಗತ್ತೆ, ಬಣ್ಣ ತೆಳ್ಳಗೆ ಹಿಂದೆ ನಿಂತಿರತ್ತೆ.

ಮಿಸ್: ಅವರದು ನೆನಪಿನ ಊರು. ನೆನಪಿಗೆ ಆ ತೆಳು ಬಣ್ಣ ಸರಿಯಾಗಿ ಹೊಂದತ್ತೆ, ಅದರಲ್ಲಿ ಅವರು ದೊಡ್ಡ ಕೆಲಸಗಾರರು. ಆದರೆ ಅಲ್ಲಿ ಹೆಚ್ಚಿಗೆ ಸಿಗೋದು ದಂಡಿನ, ಅಂದ್ರೆ ಕಂಟೋನ್ಮೆಂಟಿನ ಕಡೆಯ ಬೀದಿಗಳು. ಬಸವನಗುಡಿ, ಜಯನಗರ, ಬನಶಂಕರಿಯ ಈ ಸಾಧಾರಣ ಮನೆಗಳು ಇನ್ನೂ ಕಣ್ಣೆದುರಿಗಿವೆ. ನೆನಪಾಗೋಕೆ ಮುಂಚೆ ಎದುರಿಗೆ ಕೂತು ಬಿಡಿಸಬೇಕು. ಸಿಯಾಟಲ್‌ನಲ್ಲಿ ಗೇಬ್ರಿಯಲ್ ಕಂಪನಾರಿಯೋ ಅನ್ನೋ ಪತ್ರಕರ್ತ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಗುಂಪು ಇವತ್ತು ಪ್ರಪಂಚ ಪೂರ್ತಿ ಹರಡಿದೆ. ಅವರ ಮೊದಲ ಕಟ್ಟುಪಾಡೂ ಅದೇ, ಸ್ಥಳದಲ್ಲೇ ಕೂತು ಕಂಡದ್ದನ್ನ ಬಿಡಿಸೋದು.

ಶಿಷ್ಯ: ಹೋದ ವಾರ ಬನಶಂಕರಿ ದೇವಸ್ಥಾನದ ಹತ್ತಿರ ಕೂತಿದ್ದೆ, ಕನಕಪುರ ರಸ್ತೆಯಲ್ಲಿ. ಅಲ್ಲಿ ನನಗೆ ದಾರಿಯೇ ತೋಚಲಿಲ್ಲ. ಒಂದು ಕಡೆ ಗೋಪುರ, ಇನ್ನೊಂದು ಕಡೆ 2017ರಲ್ಲಿ ಶುರುವಾದ ಮೆಟ್ರೋ ಮಾರ್ಗ, ಕೆಳಗೆ ಬಸ್ಸು, ಹೂವು, ನಿಂಬೆಹಣ್ಣು ಮಾರೋರು, ಮೇಲೆ ವೈರುಗಳು.

ಮಿಸ್: ಯಾವ ವಾರ ಹೋಗಿದ್ದೆ?

ಶಿಷ್ಯ: ಶುಕ್ರವಾರ, ರಾಹುಕಾಲದಲ್ಲಿ.

ಮಿಸ್: ಹತ್ತೂವರೆಯಿಂದ ಹನ್ನೆರಡು. ಬಿಸಿಲು ಮೇಲೇರಿರತ್ತೆ, ಜನರ ನೆರಳು ಕಾಲ ಹತ್ತಿರವೇ ಮುದುಡಿರತ್ತೆ. ಮಂಗಳವಾರ ಹೋಗು. ರಾಹುಕಾಲ ಮೂರರಿಂದ ನಾಲ್ಕೂವರೆ, ಬೆಳಕು ಪಡುವಣದಿಂದ ಓರೆಯಾಗಿ ಬರತ್ತೆ. ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚೋರು ರಾಹುಕಾಲ ನೋಡಿಕೊಂಡೇ ಬರೋದು, ಹಾಗಾಗಿ ಒಂದೇ ಗುಂಪು ಎರಡು ವಾರ ಎರಡು ಬೆಳಕಿನಲ್ಲಿ ಸಿಗತ್ತೆ. ಇಂಥ ಅನುಕೂಲ ಬೇರೆ ಯಾವ ಕಟ್ಟಡದ ಎದುರಿಗಿದೆ? ಆ ಜನರನ್ನ ಗೆರೆಯಲ್ಲಿ ಹಿಡಿಯೋಕೆ ಹೋಗಬೇಡ. ಬ್ರಶ್ಶಿನ ತುದಿಯಲ್ಲಿ ತಲೆಗೊಂದು ಚುಕ್ಕೆ, ಸೀರೆಗೊಂದು ಎಳೆತ. ಪಕ್ಕದವರ ಬಣ್ಣ ಒಂದಕ್ಕೊಂದು ಹರಿದು ಸೇರಿದರೆ ಸೇರಲಿ. ಸಾಲಿನಲ್ಲಿ ನಿಂತವರು ಕಾಣೋದೂ ಹಾಗೇ.

ಶಿಷ್ಯ: ಮೆಟ್ರೋ? ನಾನು ಅದರ ಒಂದೊಂದು ಸೆಗ್ಮೆಂಟಿನ ಜೋಡಣೆಯನ್ನೂ ಎಳೆದಿದ್ದೆ.

ಮಿಸ್: ಮೆಟ್ರೋ ಮಾರ್ಗ ತಾನೇ ಒಂದು ದೊಡ್ಡ ಗೆರೆ. ಊರಿನ ಮೇಲೆ ಯಾರೋ ಸ್ಕೇಲು ಇಟ್ಟು ಎಳೆದಿದಾರೆ. ಅದರ ಮೇಲಂಚು ಒಂದು ಸಲ, ಕೈ ನಡುಗಿದರೂ ಪರವಾಗಿಲ್ಲ, ನಿಲ್ಲಿಸದೆ ಎಳೆದು ಬಿಟ್ಟುಬಿಡು. ಕೆಳಗಡೆ ಪೂರ್ತಿ ನೆರಳು, ಒಂದೇ ವಾಶ್. ಕಂಬ, ಬಸ್ಸು, ಮರದ ಬುಡ ಎಲ್ಲಾ ಅದರೊಳಗೆ ಮುಳುಗಲಿ. ಒದ್ದೆ ಇರುವಾಗಲೇ ಒಂದೆರಡು ಕಡೆ ಬೆಚ್ಚಗಿನ ಬಣ್ಣ ತಾಗಿಸು. ಗೋಪುರಕ್ಕೆ ಗೆರೆ ಉಳಿಸಿಕೋ, ಅದರ ಬೊಂಬೆ, ಅಂತಸ್ತುಗಳಿಗೆ ಗೆರೆ ಬೇಕು. ಅಲ್ಲೂ ಬಿಸಿಲು ಬಿದ್ದ ಮಗ್ಗುಲಿಗೆ ಸಾಕು.

ಶಿಷ್ಯ: ವೈರುಗಳನ್ನ ಬಿಟ್ಟುಬಿಡೋದು ಅಂತ ಇದ್ದೆ. ಚಿತ್ರ ಕೆಡತ್ತೆ.

ಮಿಸ್: ಬಿಡಬೇಡ. ವೈರಿಲ್ಲದ ಬೆಂಗಳೂರು ಸುಳ್ಳು. ಎಲ್ಲಾ ಒಣಗಿದ ಮೇಲೆ ಕೊನೆಗೆ ಹಾಕು, ಒಂದೇ ಉಸಿರಿಗೆ, ಮಧ್ಯೆ ಪೆನ್ನು ಎತ್ತಿದರೂ ಸರಿ. ಕಣ್ಣು ತುಂಡಾದ ಗೆರೆಯನ್ನ ತಾನೇ ಜೋಡಿಸಿಕೊಳ್ಳತ್ತೆ. ಸರಿ, ಹೊಸ ಹಾಳೆ ತೆಗಿ. ಇದೇ ಮನೆ. ಈ ಸಲ ಪೆನ್ಸಿಲಿನಲ್ಲಿ ನಾಲ್ಕು ಅಳತೆ ಗುರುತು ಹಾಕಿ ನೇರ ನೆರಳಿನಿಂದ ಶುರು ಮಾಡು.

ಶಿಷ್ಯ: ಆಕಾಶ ಮೊದಲು ಅಲ್ವಾ?

ಮಿಸ್: ಆಕಾಶ ಅಲ್ಲೇ ಇರತ್ತೆ. ಈ ನೆರಳು ಇರಲ್ಲ.

ಸ್ವಲ್ಪ ಹೊತ್ತು ಮಾತಿಲ್ಲ. ಶಿಷ್ಯ ಬೂದು ಬೆರೆಸಿ ಸಜ್ಜಾದ ನೆರಳು, ಮನೆಯ ಉತ್ತರದ ಮಗ್ಗುಲು, ಗೇಟಿನ ಕೆಳಗಿನ ಕತ್ತಲು ಮೂರನ್ನೂ ಬ್ರಶ್ ಎತ್ತದೆ ಒಂದಕ್ಕೊಂದು ಕೂಡಿಸುತ್ತಾನೆ. ನಂತರ ಹೊಂಗೆಯ ನೆರಳು ಗೋಡೆಯ ಮೇಲೆ ತೂತುತೂತಾಗಿ.

ಶಿಷ್ಯ: ಮನೆ ಬಂತು ಮಿಸ್. ಒಂದೂ ಗೆರೆ ಹಾಕಿಲ್ಲ, ಮನೆ ಬಂತು.

ಮಿಸ್: ಒಣಗಲಿ. ಈಗ ಹೇಳು, ಗೆರೆ ಎಲ್ಲೆಲ್ಲಿ ಬೇಕು?

ಶಿಷ್ಯ: ಪ್ಯಾರಾಪೆಟ್ಟಿನ ಮೇಲಂಚು, ಅದೂ ಆಕಾಶವೂ ಎರಡೂ ತಿಳಿ. ಜಾಲಿ. ಮೆಟ್ಟಿಲು. ಗ್ರಿಲ್ಲು ಪೂರ್ತಿ.

ಮಿಸ್: ಗ್ರಿಲ್ಲು ಬಿಸಿಲಲ್ಲಿರೋ ಭಾಗ ಹಾಕು. ನೆರಳಲ್ಲಿರೋದು ಇಲ್ಲಿಂದ ಕಾಣ್ತಾ ಇಲ್ಲ.

ಶಿಷ್ಯ: ಕಾಣದಿದ್ರೂ ಅದು ಅಲ್ಲಿದೆ. ತಾವರೆ ಹೂವಿನ ನಮೂನೆ, ಕಮ್ಮಾರನ ಕೈಕೆಲಸ. ಮನೆ ಕೆಡವಿದ ದಿನ ಅದು ಗುಜರಿಗೆ ಹೋಗತ್ತೆ. ಅದನ್ನ ನೆರಳಲ್ಲಿ ಮುಳುಗಿಸೋಕೆ ನನಗೆ ಮನಸ್ಸು ಬರಲ್ಲ ಮಿಸ್.

ಮಿಸ್: ಹಾಗಾದರೆ ನಿನ್ನ ಮೊದಲನೇ ಹಾಳೆಗೆ ಬಣ್ಣ ಹಚ್ಚಲೇಬೇಡ. ಗೇಟಿನ ಹತ್ತಿರ ಹೋಗಿ ಕೇಳು, ಒಳಗೆ ಬಿಟ್ಟರೆ ಗ್ರಿಲ್ಲಿನ ನಮೂನೆಯನ್ನ ಅಳತೆ ಸಮೇತ ಅದರ ಅಂಚಿನಲ್ಲಿ ಬಿಡಿಸಿಕೋ. ಅದು ಬರೀ ಗೆರೆಯಾಗೇ ಇರಲಿ. ಇದು ಬೇರೆ ಚಿತ್ರ. ಎರಡನ್ನೂ ಒಟ್ಟಿಗಿಡು, ಎರಡರ ಮೇಲೂ ತಾರೀಕು, ಹೊತ್ತು, ಮನೆ ಯಾವ ದಿಕ್ಕಿಗಿದೆ, ಮೂರನ್ನೂ ಬರಿ.

ಶಿಷ್ಯ: ಈಗ ಎಷ್ಟಾಯ್ತು?

ಮಿಸ್: ಹತ್ತೂಕಾಲು. ನೆರಳು ಕಿಟಕಿಯ ಅರ್ಧ ದಾಟ್ತು, ನೀನು ಹಾಕಿರೋದು ಅದಕ್ಕಿಂತ ಮೇಲಿದೆ. ಅದನ್ನ ತಿದ್ದಬೇಡ, ಹಾಗೇ ಬಿಟ್ಟು ಪ್ಯಾರಾಪೆಟ್ ಎಳಿ.